ಎಡಗಡೆ ಯಾರಿದ್ದರು?

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಸ್ತ್ರಿ ಅಂಗಡಿಯವನ ಹೆಂಡತಿ ಠಾಣೆಗೆ ಬಂದಳು. ಎದೆಗವಚಿಕೊಂಡಿದ್ದದ್ದು ಒಂದು ಬಟ್ಟೆಯ ಗಂಟು. ಮೇಲಿನ ಅಂಗಿಗಳ ಮಡಿಕೆ ಕೆಟ್ಟಿರಲಿಲ್ಲ, ಕೆಳಗಿನವುಗಳ ಮೇಲೆ ಟೈರಿನ ಕರಿ ಗುರುತು ಮೂಡಿತ್ತು. ಗಂಟನ್ನು ಬೆಂಚಿನ ಮೇಲಾದರೂ ಇಡಮ್ಮ ಎಂದರೆ ಕೇಳಲಿಲ್ಲ. ಗಿರಾಕಿಗಳ ಬಟ್ಟೆ, ಕೊಳೆಯಾಗಬಾರದು ಎಂದಳು.

"ಏನಾಯ್ತು ಹೇಳಿ," ಎಂದರು ಇನ್ಸ್‌ಪೆಕ್ಟರ್.

"ನಮ್ಮನೆಯವರು ಸೈಕಲ್‌ನಲ್ಲಿ ಬಟ್ಟೆ ಕೊಡೋಕೆ ಹೋಗಿದ್ರು. ಸಿಗ್ನಲ್ ಹತ್ರ ಲಾರಿಯೋನು ಬೇಲಿಗೆ ಒತ್ತಿಬಿಟ್ಟ. ನಿಲ್ಲಿಸ್ಲೇ ಇಲ್ಲ, ಹೊರಟೋದ."

"ನೀವು ನೋಡಿದ್ರಾ?"

"ಇಲ್ಲ. ಅಲ್ಲಿ ಬೀಗದ ಕೈ ಮಾಡೋರು ಬಂದು ಈ ಗಂಟು ಕೊಟ್ಟು ಹೇಳಿದ್ರು. ಇವರು ಆಸ್ಪತ್ರೇಲಿದ್ದಾರೆ. ಒಳಗೆ ಬಿಡ್ಲಿಲ್ಲ, ಅದಕ್ಕೇ ಇಲ್ಲಿಗೆ ಬಂದೆ."

ಠಾಣೆಯ ಬರಹಗಾರ ಎಫ್‌ಐಆರ್‌ನಲ್ಲಿ 'ತೀವ್ರ ಗಾಯ' ಎಂದು ಬರೆದು ಸಾಲು ಮುಗಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಇನ್ಸ್‌ಪೆಕ್ಟರ್ ಎರಡು ಸಲ 'ಹೂಂ' ಎಂದು ಇಟ್ಟರು. ಬೇಗ ಕರೆತಂದಿದ್ದರೆ ಉಳಿಸಬಹುದಿತ್ತೇನೋ, ಬೇಲಿಯಿಂದ ಬಿಡಿಸುವುದರಲ್ಲೇ ಹೊತ್ತು ಹೋಯಿತು ಎಂದಿದ್ದರು ಡಾಕ್ಟರು. ಬರಹಗಾರ ಇನ್ಸ್‌ಪೆಕ್ಟರ ಮುಖ ನೋಡಿದ. ಬರೆದದ್ದನ್ನು ಆ ಹೆಂಗಸಿನ ಕಣ್ಣೆದುರು ಹೊಡೆದುಹಾಕದೆ ಹೊಸ ಹಾಳೆ ತೆಗೆದುಕೊಂಡ. ಅಷ್ಟು ಮರ್ಯಾದೆ ಅವನಿಗೆ ಗೊತ್ತಿತ್ತು.

ಇನ್ಸ್‌ಪೆಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ಮಂಡಿಯಲ್ಲಿ ನೋವು, ಮೂಗಿನ ತುದಿಯಲ್ಲಿ ಕೋಪ, ಎರಡೂ ಕಾಯಂ. ಎದ್ದು ಬಂದು ಅವಳ ಕೈಯಿಂದ ಗಂಟನ್ನು ತಾವೇ ತೆಗೆದುಕೊಂಡರು. ಆಗ ಅವಳಿಗೆ ಅರ್ಥವಾಯಿತು.

ಮಧ್ಯಾಹ್ನ ಹನ್ನೆರಡೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಜೊತೆಗಿದ್ದವನು ಕಾನ್‌ಸ್ಟೇಬಲ್ ಉದ್ದಣ್ಣ. ಜೀಪಿನಲ್ಲಿ ಕೂತರೆ ಅವನ ಮಂಡಿ ಗದ್ದಕ್ಕೆ ತಾಗುತ್ತಿತ್ತು, ಹಾಗಾಗಿ ಆ ಹೆಸರು. ನಾಲ್ಕು ರಸ್ತೆ ಸೇರುವ ಜಂಕ್ಷನ್ ಅದು. ಜನ ಎಲ್ಲೆಂದರಲ್ಲಿ ದಾಟುತ್ತಾರೆಂದು ಮೂಲೆಗಳಿಗೆಲ್ಲ ಎದೆಮಟ್ಟದ ಕಬ್ಬಿಣದ ಬೇಲಿ ಹಾಕಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಎಡಕ್ಕೆ ತಿರುಗುವ ಲಾರಿಯ ಮುಂದಿನ ಚಕ್ರ ಅಗಲಕ್ಕೆ ಹೋದರೆ ಹಿಂದಿನ ಚಕ್ರ ಮೂಲೆಯನ್ನು ಕೊಯ್ದುಕೊಂಡು ಬರುತ್ತದೆ. ಮುಂಭಾಗ ದಾಟಿತಲ್ಲ ಎಂದು ಉಸಿರು ಬಿಟ್ಟವನನ್ನು ಹಿಂಭಾಗ ಹಿಡಿಯುತ್ತದೆ. ಬೇಲಿಗೂ ಲಾರಿಗೂ ನಡುವೆ ಸಿಕ್ಕಿಕೊಂಡವನಿಗೆ ಆಚೆ ಹೋಗಲು ಜಾಗವಿಲ್ಲ, ಈಚೆ ಬರಲೂ ಇಲ್ಲ.

ಬೇಲಿಯ ಎರಡು ಕಂಬಿ ಒಳಕ್ಕೆ ಬಾಗಿದ್ದವು. ಸೈಕಲ್ಲಿನ ಪೆಡಲು ಕಂಬಿಯ ಸಂದಿಯಲ್ಲೇ ಇತ್ತು. ಉದ್ದಣ್ಣ ಟೇಪು ಹಿಡಿದು ಅಳೆದ, ಪಂಚರು ಸಹಿ ಹಾಕಿದರು. ಆ ಮೂಲೆಯಲ್ಲೇ ಕೊಡೆ ನೆಟ್ಟುಕೊಂಡು ಕೂರುವ ಬೀಗದ ಕೈಯವನ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ನಿಂತುಕೊಂಡೇ ಬರೆದುಕೊಂಡರು.

"ಎಷ್ಟು ಹೊತ್ತಿಗೆ?"

"ಒಂಬತ್ತೂವರೆ ಇರ್ಬೇಕು. ಲಾರಿ ಅರ್ಧ ತಿರುಗಿ ಅಡ್ಡಡ್ಡ ನಿಂತ್ಬಿಟ್ಟಿತ್ತು. ಹಿಂದಿನೋರೆಲ್ಲ ಹಾರನ್ ಹೊಡೆದೂ ಹೊಡೆದೂ ಕಿವಿ ತೂತು."

"ಎಷ್ಟು ಹೊತ್ತು ನಿಂತಿತ್ತು?"

"ಒಂದು ಬೀಗದ ಕೈ ಉಜ್ಜಿ ಮುಗಿಸೋ ಅಷ್ಟು."

"ಸೈಕಲ್ ಎಲ್ಲಿತ್ತು?"

"ಲಾರಿ ನಿಂತಿದೆಯಲ್ಲ ಅಂತ ಎಡಗಡೆ ಸಂದೀಲಿ ತೂರಿಕೊಂಡು ಬಂತು. ಎಲ್ಲಾರೂ ಹಾಗೇ ತೂರೋದು ಮೇಡಂ. ಆಮೇಲೆ ಲಾರಿ ಒಂಚೂರು ಅಲ್ಲಾಡಿ ನಿಲ್ತು. ಎರಡು ಸಲ ತಟ್ಟಿದ ಸದ್ದು ಬಂತು, ಟಪ್ ಟಪ್ ಅಂತ. ಲಾರಿ ಹೊರಡ್ತು. ಆಮೇಲೆ ಬೇಲಿ ಬಾಗಿದ ಸದ್ದು."

"ತಟ್ಟಿದ್ದು ಯಾರು?"

"ಕ್ಲೀನರ್ ಇರ್ಬೇಕು ಅಂದ್ಕೊಂಡೆ. ಕೆಲಸ ಮಾಡ್ತಿದ್ದೆ, ತಲೆ ಎತ್ತಲಿಲ್ಲ. ಎತ್ತಿದ್ರೆ ಕೂಗಬಹುದಿತ್ತು." ಅವನು ಕೈಯಲ್ಲಿದ್ದ ಅರವನ್ನು ಮೇಜಿನ ಮೇಲಿಟ್ಟ. "ಲಾರಿಯ ಹಿಂದುಗಡೆ ಹಳದಿ ಬೋರ್ಡ್ ಇತ್ತು. 'ತರಬೇತಿ ವಾಹನ, ದೂರವಿರಿ' ಅಂತ."

ಅಂಥ ಬೋರ್ಡಿನ ಲಾರಿಗಳಿದ್ದದ್ದು ಒಂದೇ ಸರಕು ಸಾಗಣೆ ಕಂಪನಿಯಲ್ಲಿ. ಅಲ್ಲಿ ಲೈಸೆನ್ಸ್ ಇದ್ದ ಡ್ರೈವರನ್ನೂ ಸುಮ್ಮನೆ ಕಾಯಂ ಮಾಡಿಕೊಳ್ಳುವುದಿಲ್ಲ. ಜಂಕ್ಷನ್‌ಗಳಲ್ಲಿ ಲಾರಿ ತಿರುಗಿಸುವ ಪಾಠ ಮುಗಿಸಿ ಪಾಸಾಗಬೇಕು. ಅದಕ್ಕೆಂದೇ ಎತ್ತರದ ಗೋಡೆಯ ಅಂಗಳವೊಂದಿತ್ತು, ಒಳಗೆ ಹೋಗಲೂ ಹೊರಗೆ ಬರಲೂ ಒಂದೇ ಗೇಟು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಮೂಲೆಗಳಿಗೆ ಡ್ರಮ್ಮು ಇಟ್ಟು, ಒಂದು ಸುಳ್ಳು ಜಂಕ್ಷನ್ ಮಾಡಿದ್ದರು. ಎಡ ಮೂಲೆಯಲ್ಲಿ ಬಟ್ಟೆ ಅಂಗಡಿಯವರು ಬಿಸಾಕಿದ ಗೊಂಬೆಯೊಂದು ಹಳೇ ಸೈಕಲ್ಲು ಹಿಡಿದು ನಿಂತಿತ್ತು. ಡ್ರೈವರುಗಳು ಅದಕ್ಕೆ 'ಭಾವ' ಎಂದು ಹೆಸರಿಟ್ಟಿದ್ದರು. ಭಾವನಿಗೆ ತಾಗಿಸಿದರೆ ಪಾಠ ಮತ್ತೆ ಮೊದಲಿನಿಂದ. ಪಾಪ, ಭಾವನಿಗೆ ಒಂದು ಕಿವಿ ಇರಲಿಲ್ಲ, ಮೂಗೂ ಅರ್ಧ ಹೋಗಿತ್ತು.

ಅಂಗಳದಲ್ಲಿದ್ದ ಲಾರಿಗಳ ಮೈಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒಂದು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಇದೊಂದು ಯಾಕೆ ಮದುವೆಗೆ ಹೊರಟಂಗಿದೆ?" ಎಂದ ಉದ್ದಣ್ಣ.

ಮ್ಯಾನೇಜರ್ ಓಡಿಬಂದ. ಅವನ ಹಿಂದೆ ನಿಧಾನವಾಗಿ ಬಂದವರು ತರಬೇತಿ ಕೊಡುವ ಮೇಷ್ಟ್ರು. ಅರವತ್ತಕ್ಕೆ ಹತ್ತಿರದ ವಯಸ್ಸು, ಹೆಗಲ ಮೇಲೆ ಟವೆಲು, ಮೆಲ್ಲನೆಯ ಮಾತು. ಮೂವತ್ತು ವರ್ಷದ ಚಾಲನೆಯಲ್ಲಿ ಯಾರಿಗೂ ಒಂದು ಗೀರು ಮಾಡದವರು ಎಂದು ಮ್ಯಾನೇಜರ್ ಕೇಳದಿದ್ದರೂ ಹೇಳಿದ.

"ಬೆಳಿಗ್ಗೆ ಈ ಲಾರಿ ಯಾರ ಕೈಲಿತ್ತು?" ಎಂದರು ಇನ್ಸ್‌ಪೆಕ್ಟರ್.

"ಪಾಠಕ್ಕೆ ಹೋಗಿದ್ವಿ," ಎಂದರು ಮೇಷ್ಟ್ರು. "ಸ್ಟಿಯರಿಂಗ್ ಮೇಲೆ ಇವರಿದ್ರು. ನಾನು ಎಡಗಡೆ."

ಅವರು ತೋರಿಸಿದ ಕಡೆ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತೈದರವಳು, ಗಿಡ್ಡ ಮೈಕಟ್ಟು, ಕಣ್ಣು ಕೆಂಪು. ಮೊದಲು ಶಾಲೆಯ ವ್ಯಾನ್ ಓಡಿಸುತ್ತಿದ್ದವಳು, ಅಂಗಳದ ಗಂಡಸರಿಗೆಲ್ಲ ಅವಳು 'ವ್ಯಾನಕ್ಕ'. ಆ ಕಂಪನಿಗೆ ಬಂದ ಮೊದಲ ಹೆಣ್ಣು ಡ್ರೈವರ್.

"ಹೌದು. ನಾನೇ," ಎಂದಳು.

"ಹೆಂಗಸು ಮೇಡಂ, ಗಾಬರಿ ಬಿದ್ದಿದ್ದಾಳೆ. ನಾವು ಬೇಡ ಅಂದ್ವಿ, ಮೇಷ್ಟ್ರೇ ಹಟ ಹಿಡಿದು ಸೇರಿಸ್ಕೊಂಡ್ರು," ಎಂದ ಮ್ಯಾನೇಜರ್. ಎದುರಿಗಿರುವ ಇನ್ಸ್‌ಪೆಕ್ಟರೂ ಹೆಂಗಸೇ ಎಂಬುದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೋಣೆಗೆ ಒಂದೇ ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ಗೋಡೆ. ವ್ಯಾನಕ್ಕ ಗೋಡೆಯನ್ನೇ ನೋಡುತ್ತಾ ಉತ್ತರ ಕೊಟ್ಟಳು.

"ಲಾರಿ ಮಧ್ಯದಲ್ಲಿ ಯಾಕೆ ನಿಂತಿತು?"

"ಎಂಜಿನ್ ಆಫ್ ಆಯ್ತು. ಮತ್ತೆ ಹಾಕಿದೆ, ಮತ್ತೆ ಆಫ್ ಆಯ್ತು. ಸುತ್ತ ಹಾರನ್ ಹೊಡೀತಿದ್ರು. ಹಿಂದಕ್ಕೆ ಹೋಗೋಕಾಗಲ್ಲ, ಮುಂದಕ್ಕೆ ಹೋಗೋಕಾಗಲ್ಲ."

"ತಟ್ಟಿದ ಸದ್ದು ಕೇಳ್ತಾ?"

"ಕೇಳ್ತು."

"ಎಷ್ಟು ಸಲ?"

"ಎರಡು."

"ಕೇಳಿದ್ಮೇಲೂ ಯಾಕೆ ಗಾಡಿ ಎತ್ತಿದೆ?"

"ನಾನು ನೋಡ್ಬೇಕಿತ್ತು ಮೇಡಂ. ನೋಡ್ಲಿಲ್ಲ."

"ನಾನು ಕೇಳಿದ್ದು ಅದಲ್ಲಮ್ಮ."

"ಎಡಗಡೆ ನೋಡ್ಬೇಕಿತ್ತು. ನೋಡ್ಲಿಲ್ಲ. ಅಷ್ಟೇ ಬರ್ಕೊಳ್ಳಿ." ಗೋಡೆಯಿಂದ ಕಣ್ಣು ಕಿತ್ತು ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ನನ್ನ ಮಗಳು ಅಮ್ಮನ ಹತ್ರ ಇದ್ದಾಳೆ. ಶಾಲೆ ಬಿಡೋ ಹೊತ್ತಿಗೆ ಮನೇಲಿರ್ತೀನಿ ಅಂದಿದ್ದೆ. ಒಂದು ಫೋನ್ ಮಾಡ್ಲಾ?"

ಇನ್ಸ್‌ಪೆಕ್ಟರ್ ಫೋನು ಕೊಟ್ಟರು. ಅಷ್ಟರಲ್ಲಿ ಇನ್ನೊಂದು ಫೋನಿನಲ್ಲಿ ಮೇಲಧಿಕಾರಿ ಕರೆದರು. ತಪ್ಪೊಪ್ಪಿಗೆ ಇದೆಯಲ್ಲ, ಬಂಧನ ತೋರಿಸಿ ಮುಗಿಸಿ ಎಂದರು. ಇನ್ನೂ ವಾಹನದ ಪಂಚನಾಮೆ ಆಗಿಲ್ಲ ಸರ್ ಎಂದು ಇವರು ಜಾರಿಕೊಂಡರು. ಹಾಗಾದರೆ ನಾಳೆ ಸಂಜೆಯೊಳಗೆ, ಒಂದು ನಿಮಿಷವೂ ಜಾಸ್ತಿ ಇಲ್ಲ ಎಂದು ಆ ಕಡೆ ಫೋನು ಇಟ್ಟರು.

"ಏನು ತಲೆ ಕೆಡಿಸ್ಕೊಂಡಿದ್ದೀರಿ ಮೇಡಂ? ಅವಳೇ ಒಪ್ಕೊಂಡಿದ್ದಾಳೆ," ಎಂದ ಉದ್ದಣ್ಣ.

"ಗುದ್ದಿದ ಡ್ರೈವರ್ ಯಾರಾದ್ರೂ ಆಗಲಿ, 'ನಿಲ್ಲಿಸ್ಬೇಕಿತ್ತು' ಅಂತಾನೆ. ಇವಳು 'ನೋಡ್ಬೇಕಿತ್ತು' ಅಂತಾಳೆ. ಬರೆಯೋಕೆ ಸರಿ ಇದೆ, ಕೇಳೋಕೆ ಸರಿ ಇಲ್ಲ."

ವ್ಯಾನಕ್ಕನನ್ನು ನೋಟಿಸಿಗೆ ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದರು. ಬೆಳಿಗ್ಗೆ ಅಂಗಳಕ್ಕೆ ಬರಬೇಕು ಎಂದರು. ಎಲ್ಲಿಗೆ ತಾನೇ ಹೋಗಲಿ ಮೇಡಂ ಎಂದು ಅವಳು ಕೇಳಿದಳು.

ಮಂಗಳವಾರ ಬೆಳಿಗ್ಗೆ ವಾಹನದ ಪಂಚನಾಮೆ. ಬ್ರೇಕು ಸರಿ ಇತ್ತು, ಕನ್ನಡಿಗಳು ಸರಿ ಇದ್ದವು. ಎಡಗಡೆ ಹಿಂದಿನ ಮಡ್‌ಗಾರ್ಡಿನ ಬೋಲ್ಟಿಗೆ ಬಿಳಿ ನೂಲು ಸಿಕ್ಕಿಕೊಂಡಿತ್ತು. ತೊಳೆದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಉದ್ದಣ್ಣ ಅದನ್ನು ಕವರಿಗೆ ಹಾಕಿ ಸೀಲು ಮಾಡಿದ. ಲಾರಿ ಇದೇ ಎಂಬುದು ಗಟ್ಟಿಯಾಯಿತು, ಆದರೆ ಸ್ಟಿಯರಿಂಗ್ ಹಿಡಿದ ಕೈ ಯಾವುದೆಂದು ನೂಲು ಹೇಳುವುದಿಲ್ಲ.

ಇನ್ಸ್‌ಪೆಕ್ಟರ್ ಮಂಡಿ ಹಿಡಿದುಕೊಂಡು ಒಂದು ಡ್ರಮ್ಮಿನ ಮೇಲೆ ಕೂತರು. ಅಂಗಳದ ಆ ಕಡೆ ಸರಕು ತುಂಬಿದ ಲಾರಿಯೊಂದು ಗೋದಾಮಿಗೆ ಹಿಂದಾಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಡ್ರೈವರೊಬ್ಬ ನಿಂತು ನೋಡಿ, ಲಾರಿಯ ಮೈಮೇಲೆ ಅಂಗೈಯಿಂದ ಎರಡು ಸಲ ತಟ್ಟಿದ. ಲಾರಿ ಹಿಂದಕ್ಕೆ ಬಂತು. ಗೋಡೆ ಹತ್ತಿರವಾದಾಗ ಒಂದು ಸಲ ತಟ್ಟಿದ. ಲಾರಿ ಗಕ್ಕನೆ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲೇ ಇಲ್ಲ.

ಇನ್ಸ್‌ಪೆಕ್ಟರ್ ಅವನನ್ನು ಕರೆದರು. "ಏನಪ್ಪಾ ಅದು, ತಟ್ಟೋದು?"

"ಎರಡು ಏಟು ಅಂದ್ರೆ ಹೋಗು, ಒಂದೇಟು ಅಂದ್ರೆ ನಿಲ್ಸು. ಅಷ್ಟೇ ಮೇಡಂ."

"ಇದನ್ನ ಇಲ್ಲಿ ಕಲಿಸ್ತಾರಾ?"

ಅವನು ನಕ್ಕ. "ಇದನ್ನ ಯಾರು ಕಲಿಸ್ತಾರೆ? ನಾವೆಲ್ಲ ಕ್ಲೀನರ್ ಆಗಿ ಬಂದೋರು. ಎಡಗಡೆ ಕೂತು ತಟ್ಟಿ ತಟ್ಟಿನೇ ಬಲಗಡೆಗೆ ಬಂದಿದ್ದು. ಈಗ ಕಂಪನಿ ಕ್ಲೀನರ್‌ಗಳನ್ನೆಲ್ಲ ತೆಗೆದುಬಿಟ್ಟಿದೆ. ಕನ್ನಡಿ ನಂಬಿ, ಕೈ ನಂಬಬೇಡಿ ಅಂತ ಮೇಷ್ಟ್ರು ದಿನಾ ಬಡ್ಕೋತಾರೆ. ಆದ್ರೂ ಎರಡೇಟು ಬಿದ್ರೆ ಕಾಲು ತಾನಾಗೇ ಕ್ಲಚ್ ಬಿಡುತ್ತೆ."

"ವ್ಯಾನಕ್ಕನಿಗೂ ಹಾಗೇನಾ?"

"ಅವಳಿಗೆಲ್ಲಿ ಬರ್ಬೇಕು? ಒಂದಿನ ಹಿಂದಿನಿಂದ ತಟ್ಟಿದ್ವಿ, ಹೋಗಕ್ಕಾ ಅಂತ. ಬ್ರೇಕ್ ಒತ್ತಿ, ಇಳಿದು ಬಂದು ನಮ್ಮ ಮಾನ ಕಳೆದ್ಲು. ಮಕ್ಕಳ ವ್ಯಾನ್ ಓಡಿಸಿದೋಳಲ್ವಾ, ಮೈಮೇಲೆ ಸದ್ದಾದ್ರೆ ಯಾವುದೋ ಮಗು ಅಂತ ನಿಲ್ಲಿಸಿಬಿಡ್ತಾಳೆ."

ಇನ್ಸ್‌ಪೆಕ್ಟರ್ ಡ್ರಮ್ಮಿನಿಂದ ಇಳಿದರು. ಮಂಡಿ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಉದ್ದಣ್ಣನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ನಾಲ್ಕು ಮಾತು ಹೇಳಿದರು.

ಹನ್ನೊಂದು ಗಂಟೆಗೆ ಘಟನೆಯ ಮರುಸೃಷ್ಟಿ ಎಂದು ಮಹಜರಿನಲ್ಲಿ ಬರೆಸಿದರು. ಪಂಚರನ್ನು ಸುಣ್ಣದ ಗೆರೆಯ ಆಚೆ ನಿಲ್ಲಿಸಿದರು. ಅದೇ ಲಾರಿ, ಅದೇ ತಿರುವು. ವ್ಯಾನಕ್ಕ ಸ್ಟಿಯರಿಂಗ್ ಮೇಲೆ, ಇನ್ಸ್‌ಪೆಕ್ಟರ್ ಅವಳ ಎಡಕ್ಕೆ. ಅರ್ಧ ತಿರುಗಿ ನಿಲ್ಲಿಸು, ಮತ್ತೆ ಹೊರಡು ಎಂದರು. ಅವಳು ಗೇರು ಹಾಕಿದಳು. ಲಾರಿ ಒಂಚೂರು ಅಲ್ಲಾಡಿದ್ದೇ ತಡ, ಮರೆಯಲ್ಲಿದ್ದ ಉದ್ದಣ್ಣ ಎಡಗಡೆಯ ಮೈಮೇಲೆ ಎರಡು ಸಲ ತಟ್ಟಿದ. ಇನ್ಸ್‌ಪೆಕ್ಟರ ಹಣೆ ಗಾಜಿಗೆ ಬಡಿಯುವಷ್ಟು ಜೋರಾಗಿ ಬ್ರೇಕು ಬಿತ್ತು.

"ಯಾರು? ಯಾರಿದ್ದಾರೆ ಅಲ್ಲಿ?" ಅವಳು ಆಗಲೇ ಬಾಗಿಲು ತೆಗೆದಿದ್ದಳು.

"ಇಳಿಯಮ್ಮ," ಎಂದರು ಇನ್ಸ್‌ಪೆಕ್ಟರ್ ಹಣೆ ಉಜ್ಜಿಕೊಳ್ಳುತ್ತಾ. "ಮೇಷ್ಟ್ರೇ, ಈ ತಿರುವನ್ನ ಸರಿಯಾಗಿ ತಗೊಳ್ಳೋದು ಹೇಗೆ ಅಂತ ನೀವೊಂದ್ಸಲ ತೋರಿಸಿ."

ಮೇಷ್ಟ್ರು ಹತ್ತಿ ಕೂತರು. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು, ನೋಡುವಂಥ ಕೈಯೇ ಅದು. ಗೆರೆಯ ಹಿಂದೆ ನಿಲ್ಲಿಸಿದರು, ಎಡ ಕನ್ನಡಿ ನೋಡಿದರು, ಮುಂದೆ ಬಾಗಿ ಗಾಜಿನಿಂದ ಕೆಳಗೆ ನೋಡಿದರು. ಅರ್ಧ ತಿರುಗಿ, ಹೇಳಿದ ಜಾಗದಲ್ಲಿ ನಿಂತರು. ಆ ಗಳಿಗೆಯಲ್ಲಿ ಉದ್ದಣ್ಣ ಭಾವನನ್ನೂ ಸೈಕಲ್ಲನ್ನೂ ಎತ್ತಿ ಬಾಗಿಲಿನ ಹಿಂದೆ, ಕನ್ನಡಿಗೆ ಬೀಳದ ಕಡೆ ಇಟ್ಟ. ಇಟ್ಟು, ಎರಡು ಸಲ ತಟ್ಟಿದ.

ಲಾರಿ ಬೆಣ್ಣೆಯಲ್ಲಿ ಎಳೆದಂತೆ ಹೊರಟಿತು. ಸೈಕಲ್ಲು ಲಟಲಟ ಎಂದಿತು. ಭಾವ ಡ್ರಮ್ಮಿಗೂ ಚಕ್ರಕ್ಕೂ ನಡುವೆ ಸಿಕ್ಕಿ ಎರಡು ತುಂಡಾದ.

"ಹೊರಡಿ ಅಂತ ಯಾರು ಹೇಳಿದ್ರು ಮೇಷ್ಟ್ರೇ?" ಎಂದರು ಇನ್ಸ್‌ಪೆಕ್ಟರ್ ಕೆಳಗಿನಿಂದ.

"ತಟ್ಟಿದ್ರಲ್ಲ," ಎಂದರು ಮೇಷ್ಟ್ರು. ಅಂದ ಮೇಲೆ ಸ್ಟಿಯರಿಂಗ್ ಬಿಟ್ಟರು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡರು. ಎಷ್ಟು ಕರೆದರೂ ಇಳಿಯಲು ಅವರಿಗೆ ಆಗಲಿಲ್ಲ. ಉದ್ದಣ್ಣ ತೋಳು ಹಿಡಿದು ಇಳಿಸಿಕೊಂಡ.

ಹೇಳಿಕೆ ಆಫೀಸಿನ ಕೋಣೆಯಲ್ಲಿ ನಡೆಯಿತು. ಎಂಜಿನ್ ಎರಡು ಸಲ ಆಫ್ ಆಗಿ ವ್ಯಾನಕ್ಕ ಕೈಚೆಲ್ಲಿ ಕೂತಾಗ ಈ ಕಡೆ ಬಾ ಎಂದು ಕ್ಯಾಬಿನೊಳಗೇ ಜಾಗ ಬದಲಾಯಿಸಿಕೊಂಡದ್ದು ಮೇಷ್ಟ್ರೇ. ಎಡಗಡೆ ಕೂತ ಅವಳು ನಾಚಿಕೆಯಿಂದ ತಲೆ ತಗ್ಗಿಸಿ ಅಳುತ್ತಿದ್ದಳು.

"ತಟ್ಟಿದ್ದು ಅವಳೇ ಅಂದ್ಕೊಂಡೆ," ಎಂದರು ಮೇಷ್ಟ್ರು. "ಎಡಗಡೆ ಜನ ಇದ್ದಾರೆ, ಎರಡೇಟು ಬಿತ್ತು, ಕಾಲು ಹೊರಟೋಯ್ತು. ತಲೆಗೆ ಗೊತ್ತಾಗೋ ಮೊದ್ಲೇ ಹೊರಟೋಯ್ತು."

"ತಲೆಗೆ ಯಾವಾಗ ಗೊತ್ತಾಯ್ತು?"

"ಸಿಗ್ನಲ್ ದಾಟಿದ್ಮೇಲೆ ಅವಳಿಗೆ ಹೇಳಿದೆ, ಒಳ್ಳೇದಾಯ್ತಮ್ಮ ನೀನು ತಟ್ಟಿದ್ದು ಅಂತ. ನಾನು ತಟ್ಲಿಲ್ಲ ಮೇಷ್ಟ್ರೇ ಅಂದ್ಲು."

"ಆಮೇಲೆ?"

"ಟೈರ್ ಅಂಗಡಿ ಮುಂದೆ ನಿಲ್ಲಿಸ್ದೆ. ಇಳಿದು ನೋಡ್ದೆ. ಮತ್ತೆ ಅವಳ ಕೈಗೆ ಗಾಡಿ ಕೊಟ್ಟೆ."

"ಹಿಂದಕ್ಕೆ ಹೋಗ್ಲಿಲ್ಲ."

ಮೇಷ್ಟ್ರು ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಟೈರ್ ಅಂಗಡಿ ತೋರಿಸಲು ಅವರನ್ನು ಜೀಪಿನ ಹಿಂದೆ ಕೂರಿಸಿಕೊಂಡರು. ಉದ್ದಣ್ಣ ಬಾಗಿಲು ಹಾಕಿ, ಚಾಲಕನಿಗೆ ಹೊರಡು ಎಂದು ಜೀಪಿನ ಮೈಮೇಲೆ ಎರಡು ಸಲ ತಟ್ಟಿದ. ಅವನಿಗೂ ಅದು ಅಭ್ಯಾಸ.

"ನಿಲ್ಸಿ!" ಎಂದು ಮೇಷ್ಟ್ರು ಕಿರುಚಿಕೊಂಡರು. "ಯಾರೋ ಇದ್ದಾರೆ, ನೋಡಿ! ಮೊದ್ಲು ನೋಡಿ!"

ಇನ್ಸ್‌ಪೆಕ್ಟರ್ ಬಯ್ಯಲಿಲ್ಲ. ಇಳಿದು ಜೀಪಿನ ಎಡಗಡೆ ಹೋಗಿ ನೋಡಿ, ಯಾರೂ ಇಲ್ಲ ಎಂದು ಹೇಳಿ ಬಂದು ಕೂತರು.

ಟೈರ್ ಅಂಗಡಿಯ ಕ್ಯಾಮೆರಾ ರಸ್ತೆಯ ಕಡೆಗೇ ಇತ್ತು. ಸೋಮವಾರದ ದೃಶ್ಯವನ್ನು ಮಾಲೀಕ ಹುಡುಕಿ ತೆಗೆದ. ಲಾರಿ ಬಂದು ನಿಂತಿತು. ಸ್ಟಿಯರಿಂಗಿನ ಕಡೆಯ ಬಾಗಿಲಿನಿಂದ ಮೇಷ್ಟ್ರು ಇಳಿದರು. ಕೇಸಿಗೆ ಅಷ್ಟು ಸಾಕಿತ್ತು, ಆದರೆ ದೃಶ್ಯ ಅಲ್ಲಿಗೆ ಮುಗಿಯಲಿಲ್ಲ. ಮೇಷ್ಟ್ರು ಲಾರಿಯ ಎಡಗಡೆಗೆ ಬಂದರು. ಬಾಗಿಲಿನ ಹಿಂದೆ, ಧೂಳಿನ ಮೇಲೆ ಒಂದು ಅಂಗೈ ಗುರುತಿತ್ತು, ಐದು ಬೆರಳೂ ಸ್ಪಷ್ಟ. ಮೇಷ್ಟ್ರು ಬಹಳ ಹೊತ್ತು ಅದನ್ನು ನೋಡುತ್ತಾ ನಿಂತರು. ತಮ್ಮ ಅಂಗೈಯನ್ನು ಮೆಲ್ಲಗೆ ಅದರ ಮೇಲಿಟ್ಟರು. ಆಮೇಲೆ ಹೆಗಲ ಟವೆಲು ತೆಗೆದು ಒರೆಸಿಹಾಕಿದರು.

ಉದ್ದಣ್ಣ ಕ್ಯಾಮೆರಾದ ಪೆಟ್ಟಿಗೆಯನ್ನು ವಶಕ್ಕೆ ತೆಗೆದುಕೊಂಡು ಪಂಚನಾಮೆ ಬರೆದ. ಅವತ್ತು ಅವನು ಒಂದೂ ತಮಾಷೆ ಮಾಡಲಿಲ್ಲ.

ಠಾಣೆಗೆ ಮರಳಿದಾಗ ವ್ಯಾನಕ್ಕ ಕಾಯುತ್ತಿದ್ದಳು. ಹೊಸ ಹೇಳಿಕೆ ಕೊಟ್ಟಳು.

"ಮೇಷ್ಟ್ರು ಹೇಳು ಅಂದ್ರಾ, ನಾನೇ ಓಡಿಸ್ದೆ ಅಂತ?"

"ಇಲ್ಲ. ಮ್ಯಾನೇಜರ್ ಮುಂದೆ ಅವರೇ ಹಾಗಂದ್ರು. ಸುಳ್ಳು ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ಕಲಿಸಿದ್ದು ನೆನಪಾಯ್ತು, ಎಡಗಡೆ ಕೂತೋರು ಎಡಗಡೆಗೆ ಜವಾಬ್ದಾರಿ ಅಂತ. ಕೂತಿದ್ದು ನಾನು ತಾನೇ? ಒಂದ್ಸಲ ತಲೆ ಎತ್ತಿದ್ರೆ ಆ ಮನುಷ್ಯ ಕಾಣ್ತಿದ್ದ." ಕಣ್ಣೊರೆಸಿಕೊಂಡಳು. "ನನಗೆ ಲಾರಿ ಕೊಟ್ಟೋರು ಅವರೊಬ್ಬರೇ ಮೇಡಂ. ಈಗ ಆ ಗೇಟಿನೊಳಗೆ ಯಾರು ಬಿಡ್ತಾರೆ ನನ್ನ?"

"ನೋಡದೇ ಇದ್ದದ್ದು ತಪ್ಪು. ಅಪರಾಧ ಅಲ್ಲ," ಎಂದರು ಇನ್ಸ್‌ಪೆಕ್ಟರ್. "ಮಗಳು ಶಾಲೆಯಿಂದ ಬರೋ ಹೊತ್ತಾಯ್ತು, ಹೋಗು."

ಇಸ್ತ್ರಿಯವನ ಹೆಂಡತಿಯನ್ನೂ ಕರೆಸಿದ್ದರು. ಟೈರಿನ ಗುರುತಿಲ್ಲದ ಅಂಗಿಗಳನ್ನು ವಾಪಸು ಕೊಟ್ಟು ಸಹಿ ತೆಗೆದುಕೊಂಡರು. ನಡೆದದ್ದನ್ನು ಇನ್ಸ್‌ಪೆಕ್ಟರ್ ಚುಟುಕಾಗಿ ಹೇಳಿದರು.

"ಇವರು ತಟ್ಟಿದ್ರಂತಾ?" ಎಂದು ಅವಳು ಕೇಳಿದಳು.

"ತಟ್ಟಿದ್ರಮ್ಮ. ಎರಡು ಸಲ."

"ಯಾವಾಗ್ಲೂ ಮೆತ್ತಗೇ ತಟ್ಟೋರು. ಮನೆ ಬಾಗಿಲು ತಟ್ಟಿದ್ರೂ ನನಗೆ ಕೇಳಿಸ್ತಿರ್ಲಿಲ್ಲ. ಇನ್ನೆರಡು ಏಟು ಜಾಸ್ತಿ ಹೊಡೆದಿದ್ರೆ ನಿಲ್ಲಿಸ್ತಿದ್ರೇನೋ."

ಒಂದೇ ಏಟು ಹೊಡೆದು ಸುಮ್ಮನಾಗಿದ್ದರೆ ಲಾರಿ ನಿಲ್ಲುತ್ತಿತ್ತು. ಇನ್ಸ್‌ಪೆಕ್ಟರ್ ಅದನ್ನು ಅವಳಿಗೆ ಹೇಳಲಿಲ್ಲ. ಅಂಗಿಗಳನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು, ಬಾಗಿಲ ತನಕ ಹೋಗಿ ಬಂದರು.

ಮಧ್ಯಾಹ್ನ ಮೂರಕ್ಕೆ ಬಂಧನದ ಕಾಗದ ಸಿದ್ಧವಾಯಿತು. ನಿರ್ಲಕ್ಷ್ಯದ ಚಾಲನೆಯಿಂದ ಸಾವು, ಗಾಯಾಳುವನ್ನು ಬಿಟ್ಟು ಪರಾರಿ, ಸಾಕ್ಷ್ಯನಾಶ. ಮೇಷ್ಟ್ರು ಓದದೆ ಸಹಿ ಹಾಕಿದರು.

"ಒಂದು ಮಾತು ಕೇಳ್ತೀನಿ, ಕಾಗದಕ್ಕಲ್ಲ," ಎಂದರು ಇನ್ಸ್‌ಪೆಕ್ಟರ್. "ಮೊದಲನೇದು ಕಾಲು ಮಾಡಿದ ತಪ್ಪು, ಯಾರಾದ್ರೂ ನಂಬ್ತಿದ್ರು. ಹಿಂದಕ್ಕೆ ಹೋಗಿದ್ರೆ ಆ ಮನುಷ್ಯ ಬದುಕ್ತಿದ್ನೋ ಏನೋ. ಯಾಕೆ ಹೋಗ್ಲಿಲ್ಲ?"

ಮೇಷ್ಟ್ರು ಟವೆಲಿಗಾಗಿ ಹೆಗಲು ತಡವಿದರು. ಅದು ಸೀಲಾದ ಕವರಿನಲ್ಲಿತ್ತು.

"ನನ್ನ ಗಾಡಿಗೆ ನನ್ನ ತಮ್ಮನೇ ಕ್ಲೀನರ್," ಎಂದರು. "ಇಪ್ಪತ್ತು ವರ್ಷ ಎಡಗಡೆ ಕೂತ. ಗೀರು ಮಾಡದ ಡ್ರೈವರ್ ಅಂತ ನನ್ನ ಹೊಗಳ್ತಾರಲ್ಲ, ಅದ್ರಲ್ಲಿ ಅರ್ಧ ಅವನ ಕೈ. ಮೂರು ವರ್ಷದ ಹಿಂದೆ ಕಂಪನಿಯೋರು ಕೇಳಿದ್ರು, ಕ್ಲೀನರ್ ಇಲ್ದೆ ಜಂಕ್ಷನ್‌ನಲ್ಲಿ ಲಾರಿ ತಿರುಗಿಸಬಹುದಾ, ನೀವೇ ಹೇಳಿ ಅಂತ. ಆಗಲ್ಲ ಅಂದ್ರೆ ನಾನೂ ಮನೆಗೆ ಹೋಗ್ತಿದ್ದೆ. ಆಗುತ್ತೆ ಅಂದೆ. ಕನ್ನಡಿ ಸಾಕು, ನಾನು ಕಲಿಸ್ತೀನಿ ಅಂದೆ. ನನ್ನ ಮೇಷ್ಟ್ರು ಮಾಡಿದ್ರು, ಅವನನ್ನ ಗೇಟಿನಾಚೆ ಕಳಿಸಿದ್ರು. ಅವತ್ತಿನಿಂದ ಅವನು ನನ್ನ ಜೊತೆ ಮಾತಾಡಿಲ್ಲ."

ಇನ್ಸ್‌ಪೆಕ್ಟರ್ ಸಹಿಯಾದ ಕಾಗದವನ್ನು ಪಕ್ಕಕ್ಕೆ ಸರಿಸಿದರು.

"ಆ ಅಂಗೈ ಗುರುತು ನೋಡಿದಾಗ ನನ್ನ ಕಣ್ಣಿಗೆ ಕಂಡಿದ್ದು ಆ ಮನುಷ್ಯ ಅಲ್ಲ ಮೇಡಂ, ಪಾಪಿ ನಾನು. ಕಂಡಿದ್ದು ತಮ್ಮ. ಕಲಿಸೋನ ಕೈಯಲ್ಲೇ ಹೀಗಾಯ್ತು ಅಂದ್ರೆ, ಅವನ ಅನ್ನ ಕಿತ್ಕೊಂಡಿದ್ದು ಯಾತಕ್ಕೆ? ಹೊಸ ಡ್ರೈವರ್ ಕೈಯಲ್ಲಾಯ್ತು ಅಂದ್ರೆ ಪಾಠ ಸಾಲದು ಅಂತಾರೆ. ನನ್ನ ಕೈಯಲ್ಲಾಯ್ತು ಅಂದ್ರೆ ಪಾಠನೇ ಸುಳ್ಳು."

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕು, ಅದು ನಿಯಮ. ಯಾರಿಗೆ ತಿಳಿಸಲಿ ಎಂದು ಬರಹಗಾರ ಕೇಳಿದ. ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೇಷ್ಟ್ರು ಬಾಯಿಪಾಠವಾಗಿದ್ದ ಒಂದು ನಂಬರು ಹೇಳಿ, ಎತ್ತುತ್ತಾನೋ ಇಲ್ಲವೋ ಎಂದರು.

ಇನ್ಸ್‌ಪೆಕ್ಟರ್ ತಾವೇ ಫೋನು ಹಚ್ಚಿದರು. ಆ ಕಡೆಯವನು ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿದ.

"ಅಣ್ಣನೇ ಓಡಿಸ್ತಿದ್ದನಾ?"

"ಹೌದು."

"ಎಡಗಡೆ ಯಾರಿದ್ರು?"

ಕಡತದಲ್ಲಿ ಅದಕ್ಕೆ ಉತ್ತರವಿತ್ತು. ಹೇಳಿಕೆ, ಸಹಿ, ದಿನಾಂಕ ಎಲ್ಲವೂ ಇತ್ತು. ಆದರೆ ಇನ್ಸ್‌ಪೆಕ್ಟರಿಗೆ ಅದನ್ನು ಹೇಳಬೇಕೆನಿಸಲಿಲ್ಲ.

"ಯಾರೂ ಇರ್ಲಿಲ್ಲಪ್ಪ," ಎಂದರು.

ಗೋಡೆಯಾಚೆ ಯಾರೋ ಬಕೆಟ್ಟು ಎಳೆದ ಸದ್ದು.

"ನಾನು ಬರೋವರೆಗೂ ಅವನನ್ನ ಒಬ್ಬನೇ ಬಿಡಬೇಡಿ," ಎಂದ ತಮ್ಮ. "ಈಗಲೇ ಹೊರಟೆ."